ಹನ್ನೊಂದನೇ ಪೋರ್ಟ್

ಗುರುವಾರ, 6 ಫೆಬ್ರುವರಿ 2025. ಮಧ್ಯಾಹ್ನ 3 ಗಂಟೆ 20 ನಿಮಿಷ.

ಲಕ್ಷ್ಮೇಶ್ವರ ಪೊಲೀಸ್ ಠಾಣೆಗೆ ಬಂದ ಹೆಂಗಸು ದೂರು ಬರೆದುಕೊಂಡು ಬಂದಿರಲಿಲ್ಲ. ಹೆಸರು ಶೇಖವ್ವ, ವಯಸ್ಸು ನಲವತ್ತೊಂಬತ್ತು, ಊರು ಶಿರಹಟ್ಟಿ. ಆಕೆಯ ಗಂಡ ಲಕ್ಷ್ಮಪ್ಪ ಶಿರಹಟ್ಟಿ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವರು. ಅಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತ ಅವರನ್ನು ಆಟೊದಲ್ಲಿ ಲಕ್ಷ್ಮೇಶ್ವರದ ಒಂದು ಖಾಸಗಿ ನರ್ಸಿಂಗ್ ಹೋಮಿಗೆ ಕರೆತಂದಿದ್ದರು. 11:56ಕ್ಕೆ ಅಲ್ಲೇ ತೀರಿಕೊಂಡರು.

ಇನ್ಸ್‌ಪೆಕ್ಟರ್ ನೀಲಾ ಸೊರಟೂರ ಕುರ್ಚಿ ಎಳೆದು ಎದುರಿಗೆ ಕೂತರು. ಹೆಡ್ ಕಾನ್‌ಸ್ಟೇಬಲ್ ಹುಚ್ಚೀರಪ್ಪ ಬರೆದುಕೊಳ್ಳತೊಡಗಿದರು.

"ದವಾಖಾನಿಗೆ ಎಷ್ಟೊತ್ತಿಗೆ ಬಂದ್ರಿ ಅಕ್ಕಾರ?"

"ಹನ್ನೊಂದಕ್ಕ ಎರಡು ನಿಮಿಷ ಕಮ್ಮಿ ಇತ್ರಿ. ನಮ್ಮ ಮನಿಯವರs ಗಡಿಯಾರ ನೋಡಿ ಹೇಳಿದ್ರು."

"ಆಮ್ಯಾಲೆ?"

"ಎದಿಗೆ ವಾಯರ್ ಹಚ್ಚಿದ್ರು. ಗದಗಿನ ಹಾರ್ಟ್ ಡಾಕ್ಟರ್ ನೋಡಿ ಹೇಳಬೇಕು, ಲೈನ್ ಬಂದ್ ಐತಿ, ಈಗ ಬರತೈತಿ ಅಂದ್ರು. ಈಗ, ಈಗ ಅನಕೊಂತ ಮುಕ್ಕಾಲು ತಾಸು ಹೋತು. ನಮ್ಮ ಮನಿಯವರು ನನ್ನ ಮಾರಿ ನೋಡಕೊಂತ ಕುಂತಿದ್ರು. ನಾನೂ ಲೈನ್ ಬರತೈತಿ ಅಂತ ಹಾದಿ ಕಾದೆ. ಬ್ಯಾರೆ ಕಡೆ ಒಯ್ಯಬೇಕಿತ್ರಿ ನಾ."

"ನಿಮ್ಮ ದೂರು ಯಾರ ಮ್ಯಾಲೆ?"

"ಗೊತ್ತಿಲ್ರಿ. ಲೈನ್ ಯಾಕ ಬಂದ್ ಆತು ಅಂತ ಹೇಳ್ರಿ ನನಗ. ಅಷ್ಟs."

ಸಂಜೆ 4:10ಕ್ಕೆ ಭಾರತೀಯ ನ್ಯಾಯ ಸಂಹಿತೆ ಕಲಂ 106ರಡಿ, ನಿರ್ಲಕ್ಷ್ಯದಿಂದ ಸಾವು ಎಂದು FIR ದಾಖಲಾಯಿತು. ಶವವನ್ನು ಮರಣೋತ್ತರ ಪರೀಕ್ಷೆಗೆ ಕಳಿಸಲಾಯಿತು. ವೈದ್ಯಕೀಯ ಅಭಿಪ್ರಾಯ ಕೋರಿ ಜಿಲ್ಲಾ ಶಸ್ತ್ರಚಿಕಿತ್ಸಕರಿಗೆ ಪತ್ರ ಹೋಯಿತು.

ಮರುದಿನ ಕರ್ತವ್ಯದ ವೈದ್ಯ ಡಾ. ಸುಭಾಷರ ಹೇಳಿಕೆ ಪಡೆದರು. ನರ್ಸಿಂಗ್ ಹೋಮಿನಲ್ಲಿ ಹೃದಯ ತಜ್ಞರಿಲ್ಲ. ಇಸಿಜಿ ಯಂತ್ರದ ಗೆರೆಗಳು ತಂತಿಯ ಮೂಲಕ ನೇರವಾಗಿ ಗದಗಿನ ತಜ್ಞರ ಪರದೆಗೆ ಹೋಗುತ್ತವೆ. ಅವರು ನೋಡಿ ಹೇಳಿದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಕೊಡುತ್ತಾರೆ. ಇಂಜೆಕ್ಷನ್ ಫ್ರಿಜ್ಜಿನಲ್ಲಿತ್ತು.

"ಮೊಬೈಲ್‌ದಾಗ ಫೋಟೊ ತಗದು ಕಳಸಬಹುದಿತ್ತಲ್ಲ?" ನೀಲಾ ಕೇಳಿದರು.

"ಕಳಿಸಿದೆ. 11:32ಕ್ಕೆ. ಅವರು ಬೇರೆ ರೋಗಿಯ ಹತ್ತಿರ ಇದ್ದರು, ನೋಡಲಿಲ್ಲ."

"ಇಸಿಜಿ ತಗದಿದ್ದು 11:06ಕ್ಕೆ. ಇಪ್ಪತ್ತಾರು ನಿಮಿಷ ಯಾಕ ಕಾದ್ರಿ?"

ಸುಭಾಷ ಕೆಳಗೆ ನೋಡಿದರು. "ಈ ಲೈನ್ ಎರಡು ವರ್ಷದಲ್ಲಿ ಒಮ್ಮೆಯೂ ಹೋಗಿರಲಿಲ್ಲ ಮೇಡಂ. ಈಗ ಬರುತ್ತೆ ಅಂತಲೇ ಅಂದುಕೊಂಡೆ. ಫೋನ್ ಮೊದಲೇ ಮಾಡಬೇಕಿತ್ತು. ಇದನ್ನೂ ಬರೆದುಕೊಳ್ಳಿ."

ಹುಚ್ಚೀರಪ್ಪ ಬರೆದುಕೊಂಡರು.

ಲೈನ್ 11:04ಕ್ಕೆ ಹೋಗಿ 11:45ಕ್ಕೆ ತಾನಾಗಿಯೇ ಬಂದಿತ್ತು; ಗದಗಿನಿಂದ ಉತ್ತರ ಬರುವಷ್ಟರಲ್ಲಿ ಹೊತ್ತು ಮೀರಿತ್ತು. ಕರೆಂಟ್ ಹೋಗಿರಲಿಲ್ಲ. ಅದೇ ಕಟ್ಟಡದ ಬಿಲ್ಲಿಂಗ್, ಲ್ಯಾಬು, ಔಷಧ ಅಂಗಡಿ ಎಲ್ಲ ನಡೆದಿದ್ದವು. ಇಸಿಜಿ ಕೋಣೆಯ ಲೈನ್ ಒಂದೇ ಸತ್ತಿತ್ತು. ಇದು ನೀಲಾರಿಗೆ ಸರಿಬೀಳಲಿಲ್ಲ. ಗದಗ-ಬೆಟಗೇರಿಯ ಸೈಬರ್ ಅಪರಾಧ ಠಾಣೆಗೆ ಫೋನ್ ಮಾಡಿ, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದ ಕಾನ್‌ಸ್ಟೇಬಲ್ ರೋಶನಬಿಯನ್ನು ಕಳಿಸಿರೆಂದು ಕೇಳಿದರು.

ಶನಿವಾರ, 8 ಫೆಬ್ರುವರಿ, ಬೆಳಿಗ್ಗೆ 10:30. ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ಆರಂಭವಾಯಿತು. ಮೆಟ್ಟಿಲ ಕೆಳಗಿನ ಕಬ್ಬಿಣದ ಪೆಟ್ಟಿಗೆಯಲ್ಲಿ ಇಪ್ಪತ್ತನಾಲ್ಕು ಪೋರ್ಟಿನ ಒಂದು ಸ್ವಿಚ್ ಮಿಣುಕುತ್ತಿತ್ತು.

"ಇದೇನ ಸ್ವಿಚ್ಚು? ಒತ್ತಾಕ ಗುಂಡೀನs ಇಲ್ಲ," ಎಂದರು ಹುಚ್ಚೀರಪ್ಪ.

"ಲೈಟಿನ ಸ್ವಿಚ್ ಅಲ್ರಿ ಇದು," ರೋಶನಬಿ ಹೇಳಿದಳು. "ಇಡೀ ದವಾಖಾನಿ ಕಂಪ್ಯೂಟರ್, ಕ್ಯಾಮೆರಾ, ಮಷಿನ್ನು ಎಲ್ಲಾದರ ವಾಯರ್ ಇಲ್ಲಿಗೆ ಬರತಾವ. ಒಂದೊಂದಕ್ಕ ಒಂದೊಂದು ಪೋರ್ಟ್."

ಬಾಗಿಲ ಒಳಬದಿಗೆ ಒಂದು ಪಟ್ಟಿ ಅಂಟಿಸಿತ್ತು. ಹನ್ನೊಂದು: ಹೆರಿಗೆ ವಾರ್ಡಿನ ಕ್ಯಾಮೆರಾ. ಹನ್ನೆರಡು: ಇಸಿಜಿ. ರೋಶನಬಿ ಹನ್ನೆರಡರ ವಾಯರ್ ಕಿತ್ತಳು. ಇಸಿಜಿ ಕೋಣೆಯಲ್ಲಿ ನಿಂತಿದ್ದ ಪೇದೆ "ಇಲ್ಲಿ ಚಾಲೂನs ಐತ್ರಿ" ಎಂದ. ಅದೇ ಹೊತ್ತಿಗೆ ಬಿಲ್ಲಿಂಗ್ ಕೌಂಟರಿನಿಂದ ವ್ಯವಸ್ಥಾಪಕ ಮಹಾದೇವ ಕೂಗಿದರು: "ಮ್ಯಾಲಿನ ವಾರ್ಡಿನ ಕ್ಯಾಮೆರಾ ಹೋತ್ರೀ!"

ಎರಡು ವಾಯರುಗಳು ಅದಲುಬದಲಾಗಿದ್ದವು. ಜನವರಿ ಕೊನೆಯಲ್ಲಿ ಗೋಡೆಗೆ ಬಣ್ಣ ಹಚ್ಚುವಾಗ ಎಲ್ಲ ವಾಯರ್ ಕಿತ್ತು ಮತ್ತೆ ಚುಚ್ಚಿದ್ದರೆಂದು ಮಹಾದೇವ ಹೇಳಿದರು. ಪಟ್ಟಿಯನ್ನು ಯಾರೂ ತಿದ್ದಿರಲಿಲ್ಲ.

ರೋಶನಬಿ ಸ್ವಿಚ್ಚಿನ ದಾಖಲೆಯನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡಳು. ಹುಚ್ಚೀರಪ್ಪ ಬಗ್ಗಿ ಓದಿದರು. "ಹನ್ನೊಂದನೇ ಪೋರ್ಟ್ ಬಂದ್ ಆಗಿದ್ದು 05:34:18, ಚಾಲೂ ಆಗಿದ್ದು 06:15:02. ಮುಂಜಾನೆ ಐದೂವರಿಗೆ! ಲಕ್ಷ್ಮಪ್ಪನವರು ಬಂದಿದ್ದು ಹನ್ನೊಂದಕ್ಕ. ಇದಕ್ಕೂ ಅದಕ್ಕೂ ಸಂಬಂಧ ಇಲ್ಲ ಬಿಡ್ರಿ."

"ಸ್ವಿಚ್ಚಿನ ಗಡಿಯಾರಕ್ಕ ನಮ್ಮ ಟೈಮ್ ಹಾಕಿಲ್ರಿ, ಲಂಡನ್ ಕಡೀ ಟೈಮ್ ಐತಿ. ಐದೂವರಿ ತಾಸು ಕೂಡಸ್ರಿ."

ನೀಲಾ ಮನಸ್ಸಿನಲ್ಲೇ ಕೂಡಿಸಿದರು. 11:04:18. 11:45:02.

"ಕೆಟ್ಟು ಬಂದ್ ಆತೋ, ಯಾರರ ಬಂದ್ ಮಾಡಿದ್ರೋ?"

"ಮಾಡ್ಯಾರ್ರಿ. ಇಲ್ಲಿ ಬರದೈತಿ. ಎಸ್‌ಎನ್‌ಎಂಪಿ ಅಂತ ಒಂದು ಪದ್ಧತಿ ಐತಿ ಮೇಡಂ. ನೂರು ಊರಿನ ಸ್ವಿಚ್ಚುಗಳನ್ನ ಒಂದs ಕಡೆ ಕುಂತು ನೋಡಕೋಬಹುದು. ಗುಪ್ತಪದ ಗೊತ್ತಿದ್ರ ಪೋರ್ಟ್ ಹೆಂಗ ನಡದೈತಿ ಅಂತ ಕೇಳಬಹುದು, ಬಂದ್ ಆಗು ಅಂತಾನೂ ಹೇಳಬಹುದು. ಒಂದು ಅಂಕಿ ಕಳಸಿದ್ರ ಮುಗೀತು. ಒಂದು ಅಂದ್ರ ಚಾಲೂ, ಎರಡು ಅಂದ್ರ ಬಂದ್."

"ಎರಡು ಅಂತ ಕಳಿಸಿದವ್ರು ಯಾರು?"

"ಬೆಟಗೇರಿಯ ಒಂದು ಕಂಪ್ಯೂಟರಿನಿಂದ ಬಂದೈತ್ರಿ."

ಬೆಟಗೇರಿಯಲ್ಲಿ ಆ ನರ್ಸಿಂಗ್ ಹೋಮಿನ ನೆಟ್‌ವರ್ಕ್ ನೋಡಿಕೊಳ್ಳುವ ಚಿಕ್ಕ ಕಂಪನಿ ಇತ್ತು. ಮಂಗಳವಾರ, 11 ಫೆಬ್ರುವರಿ, 11:15ಕ್ಕೆ ನೀಲಾ ಅಲ್ಲಿಗೆ ಹೋದರು. ಒಡತಿ ಸುನಿತಾ ದಾಖಲೆಗಳನ್ನು ಮುಚ್ಚಿಡಲಿಲ್ಲ. ಅಲ್ಲಿನ ಮುಖ್ಯ ಕಂಪ್ಯೂಟರಿಗೆ ಆ ದಿನ ಹೊರಗಿನಿಂದ ಯಾರೋ ಪ್ರವೇಶಿಸಿದ್ದರು. ಪ್ರವೇಶದ ಹೆಸರು ಒಂದೇ. ಕೆಲಸಗಾರರು ಮೂವರೂ ಅದನ್ನೇ ಬಳಸುತ್ತಿದ್ದರು.

"ಗುಪ್ತಪದ?"

"ಅದೂ ಎಲ್ಲಾರಿಗೂ ಒಂದs ರಿ. ನಾಲ್ಕು ತಾಲೂಕಿನ ಸ್ವಿಚ್ಚಿಗೂ ಅದs. ಬದಲಿ ಮಾಡೂಣು ಅಂತ ಭೀಮೇಶ ಎರಡು ಸಲ ಹೇಳಿದ್ದ. ನಾನs ಮುಂದಕ್ಕ ಹಾಕಿದೆ."

"ಭೀಮೇಶ ಯಾರು?"

"ನಮ್ಮ ಕಡೆ ಎಂಟು ವರ್ಷದಿಂದ ಅದಾನ್ರಿ. ಅವನಂಥ ಕೆಲಸಗಾರ ಸಿಗೂದಿಲ್ಲ. ಅವತ್ತು ಮುಂಡರಗಿಯೊಳಗ ಒಂದು ಕಾಲೇಜಿನ ಕೆಲಸಕ್ಕ ಹೋಗಿದ್ದ."

ಹೊರಗಿನಿಂದ ಪ್ರವೇಶಿಸಿದ ವಿಳಾಸ ಆ ಕಾಲೇಜಿನ ಇಂಟರ್ನೆಟ್ಟಿನದೇ ಎಂದು ಬುಧವಾರ ಖಚಿತವಾಯಿತು. ಮಧ್ಯಾಹ್ನ ಹುಚ್ಚೀರಪ್ಪ ಮುಂಡರಗಿಗೆ ಹೋಗಿ ಕಾಲೇಜಿನ ಭೇಟಿ ಪುಸ್ತಕ ಜಪ್ತಿ ಮಾಡಿದರು. 6 ಫೆಬ್ರುವರಿ, ಒಳಗೆ 9:40, ಹೊರಗೆ 1:10, ಭೀಮೇಶ, ನೆಟ್ ಕೆಲಸ. ಕೆಳಗೆ ಸಹಿ.

"ಹಿಡಕೊಂಡು ಬರಲೇನ್ರಿ?" ಎಂದು ಫೋನಿನಲ್ಲಿ ಕೇಳಿದರು.

"ತಡೀರಿ. ಲಕ್ಷ್ಮಪ್ಪನವರಿಗೂ ಇವನಿಗೂ ಏನರ ಸಂಬಂಧ ಐತೇನು?"

"ಏನೂ ಇಲ್ರಿ. ಒಬ್ಬರಿಗೊಬ್ಬರು ಮಾರೀನೂ ನೋಡಿಲ್ಲ."

ನೀಲಾ ಸಂಜೆಯವರೆಗೆ ಪಂಚನಾಮೆಯ ಹಾಳೆಗಳನ್ನು ತಿರುವಿದರು. ಮುಂಡರಗಿಯಲ್ಲಿ ಕೂತವನಿಗೆ ಪೋರ್ಟಿನಲ್ಲಿ ಯಾವ ವಾಯರ್ ಇದೆ ಎಂದು ಕಾಣುವುದಿಲ್ಲ. ಅವನ ಬಳಿ ಇರುವುದು ಪಟ್ಟಿ ಮಾತ್ರ. ಪಟ್ಟಿಯಲ್ಲಿ ಹನ್ನೊಂದು ಅಂದರೆ ಕ್ಯಾಮೆರಾ. ಅವನು ಬಂದ್ ಮಾಡಹೊರಟಿದ್ದು ಇಸಿಜಿಯನ್ನಲ್ಲ. ಹೆರಿಗೆ ವಾರ್ಡಿನ ಮುಂದಿನ ಪಡಸಾಲೆಯಲ್ಲಿ ಏನೋ ನಡೆಯಲಿತ್ತು, ಅದು ಯಾರಿಗೂ ಕಾಣಬಾರದಿತ್ತು. ಆದರೆ ಆ ಕ್ಯಾಮೆರಾ ಒಂದು ಕ್ಷಣವೂ ನಿಂತಿರಲಿಲ್ಲ.

ಗುರುವಾರ ಬೆಳಿಗ್ಗೆ 9:50ಕ್ಕೆ ನರ್ಸಿಂಗ್ ಹೋಮಿನಲ್ಲಿ ಆ ದೃಶ್ಯ ತೆಗೆಸಿ ನೋಡಿದರು. 11:12ಕ್ಕೆ ಹಿಂದಿನ ಮೆಟ್ಟಿಲಿನಿಂದ ತಲೆಯ ಮೇಲೆ ಸೆರಗು ಹೊದ್ದ ವಯಸ್ಸಾದ ಹೆಂಗಸೊಬ್ಬಳು ಬಂದಳು. ಕ್ಯಾಮೆರಾದ ಕಡೆ ಒಮ್ಮೆ ನೋಡಿದಳು. ಮೂರನೇ ಕೋಣೆಯೊಳಗೆ ಹೋದಳು. ತುಸು ಹೊತ್ತಿಗೆ ಅದೇ ಕೋಣೆಯಿಂದ ಇನ್ನೊಬ್ಬ ಮುದುಕಿ ಹೊರಬಂದು ಬಾಗಿಲಿಗೆ ಅಡ್ಡ ನಿಂತಳು. 11:40ಕ್ಕೆ ಮೊದಲಿನವಳು ಹೊರಬಂದು, ಗೋಡೆ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತು, ಹೊರಟುಹೋದಳು.

"ಯಾರಿವರು?" ಎಂದು ಮಹಾದೇವರನ್ನು ಕೇಳಿದರು.

"ಯಾರೋ ಪೇಶಂಟಿನ ಕಡಿಯವರು ಇರಬೇಕ್ರಿ. ದಿನಾ ನೂರು ಮಂದಿ ಬರತಾರ."

ಅವರು ಪರದೆಯತ್ತ ನೋಡದೆಯೇ ಉತ್ತರ ಕೊಟ್ಟರು. ನೀಲಾ ಅದನ್ನು ಗಮನಿಸಿದರು.

ಮೂರನೇ ಕೋಣೆಯಲ್ಲಿ ಅಂದು ಇದ್ದವಳು ಶೃತಿ, ಲಕ್ಷ್ಮೇಶ್ವರದ ವೆಲ್ಡಿಂಗ್ ಅಂಗಡಿಯ ಮುಸ್ತಾಕನ ಹೆಂಡತಿ. ಫೆಬ್ರುವರಿ 3ರಂದು ಶಸ್ತ್ರಚಿಕಿತ್ಸೆಯಾಗಿ ಹೆಣ್ಣು ಕೂಸು ಹುಟ್ಟಿತ್ತು. ಮಧ್ಯಾಹ್ನ 12:30ಕ್ಕೆ ನೀಲಾ ಅವರ ಮನೆಗೆ ಹೋದರು. ಬಾಗಿಲು ತೆರೆದವಳು ದೃಶ್ಯದಲ್ಲಿ ಅಡ್ಡ ನಿಂತಿದ್ದ ಮುದುಕಿ, ಮುಸ್ತಾಕನ ತಾಯಿ ಗುಲಾಬಬಿ.

"ಆರನೇ ತಾರೀಕು ಕೂಸಿನ ನೋಡಾಕ ಯಾರು ಬಂದಿದ್ರು ಅಮ್ಮಾರ?"

"ಯಾರೂ ಇಲ್ಲ."

"ನೀವು ಬಾಗಲದಾಗ ಕಾವಲ ನಿಂತಿದ್ರಿ. ನಾ ನೋಡೀನಿ."

ಗುಲಾಬಬಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಆಕಿ ತಾಯಿ ಬಂದಿದ್ಳು. ಹನಮವ್ವ. ಮದಿವಿ ಆಗಿ ಎರಡು ವರ್ಷ ಆತು, ಅವರ ಮನ್ಯಾಗ ಯಾರೂ ಮಾತಾಡಂಗಿಲ್ಲ. ಅಪ್ಪ ಖಡಕ್ ಹೇಳ್ಯಾನ, ಆಕಿ ಹೊಸ್ತಿಲಾ ತುಳದವ್ರು ನನ್ನ ಮನಿಗೆ ಹೊಳ್ಳಿ ಬರಬ್ಯಾಡ್ರಿ ಅಂತ. ಆದ್ರೂ ಬಂದ್ಳು. ತಾಯಿ ಮಗಳ ನಡಕ ನನ್ನದೇನು ಕೆಲಸ ಅಂತ ನಾ ಹೊರಗ ನಿಂತೆ."

"ಕ್ಯಾಮೆರಾಕ್ಕ ಯಾಕ ಅಂಜಿದ್ರು?"

"ಆ ಕೌಂಟರಿನ್ಯಾಗ ಕ್ಯಾಮೆರಾ ನೋಡಕೊಂತ ಕುಂತಾನಲ್ಲ ಮಹಾದೇವ, ಶೃತಿ ಅಪ್ಪನ ತಮ್ಮ ಅಂವ. ಅಲ್ಲಿ ಹೆರಿಗಿ ಮಾಡಸೋ ಡಾಕ್ಟರ್ ಬಾಯಾರು ಮೊದಲಿಂದ ನಮ್ಮ ಸೊಸಿನ್ನ ನೋಡಿದ್ರು, ಅದಕ್ಕ ಅಲ್ಲೇ ಸೇರಿಸಬೇಕಾತು."

"ಶೃತಿಗೆ ಅಣ್ಣತಮ್ಮಂದಿರು?"

"ಒಬ್ಬ ಅಣ್ಣ. ಭೀಮೇಶ."

ಒಳಗಿನ ಕೋಣೆಯಲ್ಲಿ ಕೂಸು ಅಳತೊಡಗಿತು. ನೀಲಾ ಎದ್ದು ನಿಂತರು. ಈ ಮನೆಯಲ್ಲಿ ಲಕ್ಷ್ಮಪ್ಪನ ಸಾವಿನ ಸುದ್ದಿ ಇನ್ನೂ ಯಾರಿಗೂ ತಿಳಿದಿರಲಿಲ್ಲ. ಹೇಳುವ ಕೆಲಸವನ್ನು ಅವರು ಅಂದು ಮಾಡಲಿಲ್ಲ.

ಸಂಜೆ 5 ಗಂಟೆಗೆ ಮಹಾದೇವರನ್ನು ಠಾಣೆಗೆ ಕರೆಸಿದರು.

"ಬೆಳಿಗ್ಗೆ ಸುಳ್ಳ ಹೇಳಿದ್ರಿ."

"ಹೌದ್ರಿ."

"ಆ ದಿನ ಪರದೆ ಮುಂದ ಇದ್ರ್ಯಾ?"

"ಇದ್ನಿರಿ. ಹನಮವ್ವ ವೈನಿ ಮೆಟ್ಟಲಾ ಹತ್ತಿ ಬಂದದ್ದು ಕಂಡೆ. ಹನ್ನೆರಡು ನಿಮಿಷ ಆಗಿತ್ತು ಹನ್ನೊಂದಾಗಿ."

"ಅಣ್ಣಗ ಹೇಳಿದ್ರ್ಯಾ?"

ಮಹಾದೇವ ತಲೆ ಅಲ್ಲಾಡಿಸಿದರು. "ಅವರು ಹೋಗೋತನಕ ಆ ಪರದೆ ಕಡೆ ನೋಡಲಿಲ್ಲ ನಾ. ನನಗೂ ಹೆಣ್ಣುಮಕ್ಕಳು ಅದಾರ್ರಿ. ಹುಡುಗಿ ಮೂರು ದಿನ ನನ್ನ ತಲಿ ಮ್ಯಾಲಿನ ಕೋಣ್ಯಾಗs ಇದ್ಳು. ಒಂದು ಸಲ ಮ್ಯಾಲೆ ಹತ್ತಿ ಹೋಗಿ ಹೆಂಗದಿ ಅಂತ ಕೇಳಲಿಲ್ಲ. ಇಷ್ಟರ ಮಾಡೂಣು ಅಂತ ಸುಮ್ನಾದೆ."

"ನೀವು ನೋಡಿ ಸುಮ್ಮನಿದ್ದದ್ದು ಭೀಮೇಶಗ ಗೊತ್ತಿತ್ತೇನು?"

"ಹೆಂಗ ಗೊತ್ತಿರತೈತ್ರಿ? ನಮ್ಮ ಮನ್ಯಾಗ ಯಾರೂ ಯಾರಿಗೂ ಏನೂ ಹೇಳೂದಿಲ್ಲ." ಆಮೇಲೆ ಅವರೇ ಕೇಳಿದರು, "ಯಾಕ್ರಿ, ಅಂವ ಏನು ಮಾಡ್ಯಾನ?"

ನೀಲಾ ಹೇಳಿದರು.

ಪ್ರಕರಣಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 66 ಸೇರಿಸಲು ನ್ಯಾಯಾಲಯಕ್ಕೆ ವರದಿ ಸಲ್ಲಿಸಲಾಯಿತು.

ಶನಿವಾರ, 15 ಫೆಬ್ರುವರಿ, ಬೆಳಿಗ್ಗೆ 8:10. ಬೆಟಗೇರಿಯ ಮನೆಯ ಮುಂದೆ ಜೀಪು ನಿಂತಾಗ ಭೀಮೇಶ ಕೆಲಸಕ್ಕೆ ಹೊರಡಲು ಚೀಲ ಹೆಗಲಿಗೇರಿಸಿದ್ದ. ಮೂವತ್ತೊಂದರ ವಯಸ್ಸು, ಗಡ್ಡ ಬಿಟ್ಟಿದ್ದ. ಪೊಲೀಸರನ್ನು ಕಂಡು ಚೀಲ ಕೆಳಗಿಟ್ಟ.

"ಬರ್ರಿ ಮೇಡಂ. ದಿನಾ ಹಾದಿ ನೋಡತಿದ್ನಿ."

"ಹನ್ನೊಂದನೇ ಪೋರ್ಟ್ ಬಂದ್ ಮಾಡಿದ್ದು ನೀನs?"

"ನಾನs ರಿ."

ಅಪ್ಪ ಒಳಗಿಂದ ಬಂದರು. "ಏನು ಮಾಡ್ಯಾನ್ರಿ ನನ್ನ ಮಗ?"

ಅವನು ಬಾಯಿ ತೆರೆಯುವ ಮೊದಲೇ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಹನಮವ್ವ ಹೇಳಿದಳು. "ಅಂವ ಏನೂ ಮಾಡಿಲ್ಲ. ನಾನs ಮಾಡಿದ್ದು. ಶೃತಿನ್ನ ನೋಡಾಕ ಹೋಗಿದ್ನಿ. ನಾ ಹೋಗಿದ್ದು ನಿಮಗ ಕಾಣಬಾರದು ಅಂತ ಅಂವ ಕ್ಯಾಮೆರಾ ಬಂದ್ ಮಾಡಾಕ ಹೋದ. ಬ್ಯಾರೆ ಏನೋ ಬಂದ್ ಆತು. ಮನಷ್ಯಾ ಒಬ್ಬ ಸತ್ತ."

ಅಪ್ಪ ಹೆಂಡತಿಯನ್ನೂ ಮಗನನ್ನೂ ನೋಡಿದರು. "ನನಗ ಯಾರೂ ಹೇಳಲಿಲ್ಲ," ಎಂದರು.

"ಹೇಳೂವಂಗ ಇಟ್ಟಿದ್ರೇನು ನೀವು?" ಹನಮವ್ವ ಹೊರಗೆ ಬಂದು ನೀಲಾರ ಮುಂದೆ ಎರಡೂ ಕೈ ಚಾಚಿದಳು. "ನನ್ನ ಕರಕೊಂಡು ಹೋಗ್ರಿ ಯವ್ವಾ. ಒಂದು ಸಲ ಕೂಸಿನ ಮಾರಿ ತೋರಸು ಅಂತ ದಿನಾ ಅವನ ಮುಂದ ಅತ್ತಾಕಿ ನಾನು."

"ನಿಮ್ಮ ಹೇಳಿಕೆ ಸಾಕು ಹನಮವ್ವಾರ. ನಿಮ್ಮನ್ನ ಹಿಡಿಯಾಕ ಕಾನೂನಿಲ್ಲ."

"ಯಾಕಿಲ್ಲ?" ಎಂದಳು ಹನಮವ್ವ. ಹುಚ್ಚೀರಪ್ಪ ಬಂಧನದ ಪತ್ರಕ್ಕೆ ಅಪ್ಪನ ಸಹಿ ಕೇಳಿದರು. ಅವರು ಪೆನ್ನು ಹಿಡಿದುಕೊಂಡು ಎಲ್ಲಿ ಎಂದು ಮೂರು ಸಲ ಕೇಳಿದರು.

ಠಾಣೆಯಲ್ಲಿ 10:25ಕ್ಕೆ ವಿಚಾರಣೆ ಆರಂಭವಾಯಿತು. ಭೀಮೇಶ ಯಾವುದನ್ನೂ ಅಲ್ಲಗಳೆಯಲಿಲ್ಲ.

"ಹನ್ನೊಂದರಿಂದ ಹನ್ನೊಂದೂಮುಕ್ಕಾಲು ಅಂತ ಅವ್ವಗ ಹೇಳಿದ್ನಿರಿ. ಕ್ಯಾಮೆರಾ ಪೋರ್ಟಿಗೆ ಎರಡು ಅಂತ ಕಳಿಸಿದೆ. ಬಂದ್ ಆತು ಅಂತ ಜವಾಬು ಬಂತು."

"ಅದು ಇಸಿಜಿ ಅಂತ ಯಾವಾಗ ಗೊತ್ತಾತು?"

"ಮರುದಿನ ಸುನಿತಾ ಮೇಡಂ ಹೇಳಿದ್ರು, ಅದs ಹೊತ್ತಿಗೆ ದವಾಖಾನಿ ಇಸಿಜಿ ಲೈನ್ ಹೋಗಿತ್ತು, ಒಬ್ಬರು ಸತ್ತಾರ ಅಂತ." ಅವನು ನಿಲ್ಲಿಸಿದ. "ಅದು ಪೂರಾ ಖರೆ ಅಲ್ರಿ. ಅವತ್ತs ಸಂಶೆ ಬಂದಿತ್ತು. ಬಂದ್ ಮಾಡಿದ ಮ್ಯಾಲೆ ಆ ಪೋರ್ಟಿನ ಹಿಂದಿನ ಲೆಕ್ಕ ತಗದು ನೋಡಿದೆ. ಕ್ಯಾಮೆರಾ ಇದ್ರ ಹಗಲೂ ರಾತ್ರಿ ಒಂದs ಸಮನ ಡೇಟಾ ಹರೀತಿರತೈತಿ. ಇದರಾಗ ಒಮ್ಮೊಮ್ಮೆ ಒಂದೀಟು, ಮತ್ತ ತಾಸುಗಟ್ಟಲೆ ಏನೂ ಇಲ್ಲ. ಇದು ಕ್ಯಾಮೆರಾ ಅಲ್ಲ ಅನಿಸ್ತು."

"ಎಷ್ಟೊತ್ತಿಗೆ?"

"ಹನ್ನೊಂದೂಕಾಲಕ್ಕ."

"ಇನ್ನೂ ಅರ್ಧ ತಾಸಿತ್ತು."

"ಹೌದ್ರಿ. ಒಂದು ಅಂತ ಬರದು ಬೆರಳಿಟ್ಟು ಕುಂತೆ. ಚಾಲೂ ಮಾಡಿದ ಮ್ಯಾಲೆ ಅದು ಕ್ಯಾಮೆರಾನs ಆಗಿದ್ರ? ಅವ್ವ ಒಳಗ ಇದ್ಳು. ಯಾವುದೋ ಪ್ರಿಂಟರ್ ಇರಬೇಕು, ಅರ್ಧ ತಾಸಿನ್ಯಾಗ ಏನಾಗತೈತಿ ಅಂದುಕೊಂಡೆ. ದವಾಖಾನಿಗೆ ಒಂದು ಫೋನ್ ಮಾಡಿ ಕೇಳಿದ್ರ ಸಾಕಿತ್ರಿ. ಫೋನ್ ಎತ್ತುವವ್ರು ಕಾಕಾ. ಅಂಜಿದೆ."

ಹುಚ್ಚೀರಪ್ಪನ ಪೆನ್ನು ನಿಂತಿತ್ತು. ನೀಲಾ ಅವರತ್ತ ನೋಡಿದ ಮೇಲೆ ಮತ್ತೆ ಬರೆಯತೊಡಗಿದರು.

"ನಿಮ್ಮ ಕಾಕಾ ಅವತ್ತು ಪರದೆಯೊಳಗ ನಿಮ್ಮವ್ವನ್ನ ನೋಡ್ಯಾರ," ನೀಲಾ ಹೇಳಿದರು. "ನೋಡಿ ಸುಮ್ಮನಿದ್ರು. ಯಾರಿಗೂ ಹೇಳಿಲ್ಲ."

ಭೀಮೇಶ ಅವರನ್ನೇ ದಿಟ್ಟಿಸಿದ. ಮಾತು ಅರ್ಥವಾಗಲು ಸಮಯ ಹಿಡಿಯಿತು. ಆಮೇಲೆ ಮುಖವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡ.

ಎರಡೂ ಕಲಂಗಳು ಜಾಮೀನು ಸಿಗುವಂಥವು. ಮಧ್ಯಾಹ್ನ ಮಹಾದೇವ ಜಾಮೀನು ನಿಲ್ಲಲು ಕಾಗದಪತ್ರ ಹಿಡಿದು ಬಂದರು. ಭೀಮೇಶ ಬೇಡವೆಂದ. ಅಂದೇ ಅವನನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸಲಾಯಿತು. ಜಿಲ್ಲಾ ಶಸ್ತ್ರಚಿಕಿತ್ಸಕರ ಅಭಿಪ್ರಾಯ ಸೋಮವಾರ ಬಂತು: ಇಂಜೆಕ್ಷನ್ ಬೇಗ ಸಿಕ್ಕಿದ್ದರೆ ರೋಗಿ ಉಳಿಯುವ ಸಾಧ್ಯತೆ ಹೆಚ್ಚಿತ್ತು, ಖಚಿತವಾಗಿ ಹೇಳಲಾಗದು.

ಮಂಗಳವಾರ, 18 ಫೆಬ್ರುವರಿ, ಬೆಳಿಗ್ಗೆ 11 ಗಂಟೆಗೆ ನೀಲಾ ಮತ್ತು ಹುಚ್ಚೀರಪ್ಪ ಶಿರಹಟ್ಟಿಗೆ ಹೋದರು. ತನಿಖೆ ಎಲ್ಲಿಗೆ ಬಂತೆಂದು ದೂರುದಾರರಿಗೆ ತಿಳಿಸಬೇಕಿತ್ತು. ಫೋನ್ ಮಾಡಿ ಹೇಳಿದರೂ ನಡೆಯುತ್ತಿತ್ತು.

ಶೇಖವ್ವ ಆರೋಪಿಯ ಫೋಟೊವನ್ನು ಬೆಳಕಿಗೆ ಹಿಡಿದು ನೋಡಿದರು.

"ಇಂವ ನಮ್ಮ ಮನಿಗೆ ಬಂದಿದ್ದ."

"ಯಾವಾಗ್ರಿ?"

"ಐದನೇ ದಿನಕ್ಕ. ಮಂದ್ಯಾಗ ಬಂದು ಆ ಮೂಲ್ಯಾಗ ಕುಂತ. ಬಸ್‌ಸ್ಟ್ಯಾಂಡಿನ ಕಡಿಯವ ಇರಬೇಕಂತ ಚಾ ಕೊಟ್ಟೆ. ಕಪ್ಪ ಹಿಡಕೊಂಡು ಕುಂತs ಬಿಟ್ಟ, ಕುಡೀಲಿಲ್ಲ. ಹೋಗುವಾಗ ನನ್ನ ಕಾಲು ಮುಟ್ಟಿದ. ಅವರ ಮ್ಯಾಲೆ ಎಷ್ಟು ಪ್ರೀತಿ ಇತ್ತೋ ಏನೋ ಅಂತ ನಾನs ಅವನ ತಲಿ ಮ್ಯಾಲೆ ಕೈಯಿಟ್ಟೆ." ಅವರು ಫೋಟೊವನ್ನು ತೊಡೆಯ ಮೇಲೆ ಇಟ್ಟುಕೊಂಡರು. "ಯಾಕ ಮಾಡಿದ್ನಂತ?"

ನೀಲಾ ಇದ್ದದ್ದು ಇದ್ದಂತೆ ಹೇಳಿದರು. ಎರಡು ವರ್ಷ ಮಗಳ ಮುಖ ನೋಡದ ತಾಯಿ, ಮೂರು ದಿನದ ಕೂಸು, ಇಪ್ಪತ್ತೆಂಟು ನಿಮಿಷ. ಹೇಳಿ ಮುಗಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ಶೇಖವ್ವ ಹೊರಗಿನ ರಸ್ತೆ ನೋಡುತ್ತ ಕೂತರು.

"ಯಾಕ ಅಂತ ಕೇಳಬಾರದಿತ್ತು ನಾ," ಎಂದರು ಕಡೆಗೆ. "ದ್ವೇಷಕ್ಕ ಮಾಡ್ಯಾನ, ಕುಡದು ಮಾಡ್ಯಾನ ಅಂದಿದ್ರ ಬೈಕೊಂತ ಕುಂಡ್ರತಿದ್ನಿ. ಈಗ ಯಾರಿಗೆ ಬೈಲಿರಿ?"

ಹುಚ್ಚೀರಪ್ಪ ಹೇಳಿಕೆಯ ಹಾಳೆ ಮುಂದಿಟ್ಟು ಸಹಿ ಮಾಡುವ ಜಾಗ ತೋರಿಸಿದರು. ಶೇಖವ್ವ ನಿಧಾನವಾಗಿ ತಮ್ಮ ಹೆಸರು ಬರೆದರು. ರೂಢಿಯಂತೆ ಮುಂದೆ ಗಂಡನ ಹೆಸರನ್ನೂ ಬರೆದು, ಪೆನ್ನು ಹಿಂದಿರುಗಿಸಿದರು.